ತಾಡಪತ್ರವೂ ತಾಡಪತ್ರಿಯೂ

ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಹಳೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವಂತೆ ನಾನೂ ಬಾಲ್ಯದ ನೆನಪುಗಳನ್ನು ಬರೆದು ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಆ ನೆನಪುಗಳನ್ನು ನಾವು ಯಾವ ವಸ್ತುವಿನಲ್ಲಿ ಇಟ್ಟಿದ್ದೇವೆ, ಆ ವಸ್ತು ಎಷ್ಟು ಕಾಲ ಬಾಳೀತು ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿದೆ. ಆದಕಾರಣ ನೆನಪುಗಳನ್ನು ಬದಿಗಿಟ್ಟು, ಅವುಗಳನ್ನು ಹೊತ್ತ ವಸ್ತುವಿನ ವಿಷಯವಾಗಿ ನಾಲ್ಕು ಮಾತು ಬರೆಯಲು ತೊಡಗಿದ್ದೇನೆ. ಆ ವಸ್ತು ಪ್ಲಾಸ್ಟಿಕ್. ಮಠದ ಶಾಲೆಯ ಸಂಚಿಕೆಗೆ ಇದೆಂತಹ ವಿಷಯವೆಂದು ಓದುಗರು ಹುಬ್ಬೇರಿಸದೆ ಕೊನೆಯವರೆಗೂ ಓದಬೇಕೆಂದು ಮೊದಲಿಗೇ ವಿನಂತಿಸಿಕೊಳ್ಳುತ್ತೇನೆ.

ನಮ್ಮ ಸೀಮೆಯ ಆಡುಮಾತಿನಲ್ಲಿ ಒಂದು ಸೋಜಿಗವುಂಟು. ಹಿರಿಯರು ಗ್ರಂಥ ಬರೆದಿಡುತ್ತಿದ್ದ ತಾಳೆಯ ಗರಿಗೆ ತಾಡಪತ್ರವೆನ್ನುತ್ತೇವೆ. ಸುಗ್ಗಿಯಲ್ಲಿ ಭತ್ತದ ರಾಶಿಗೆ ಹೊದಿಸುವ ಪ್ಲಾಸ್ಟಿಕ್ ಹಾಸಿಗೆ ತಾಡಪತ್ರಿಯೆನ್ನುತ್ತೇವೆ. ಹೆಸರಿನಲ್ಲಿ ಒಂದು ಗುಣಿತದ ವ್ಯತ್ಯಾಸ ಮಾತ್ರ. ಆಯುಷ್ಯದಲ್ಲಿಯಾದರೋ ಅಜಗಜಾಂತರ. ತಾಡಪತ್ರ ಶತಮಾನಗಳನ್ನು ಕಂಡಿದೆ. ತಾಡಪತ್ರಿ ಬಿಸಿಲಿನಲ್ಲಿಯೇ ಬಿದ್ದಿದ್ದರೆ ಕೆಲವೇ ಸುಗ್ಗಿಗಳಲ್ಲಿ ಜರಡಿಯಾಗುತ್ತದೆ. ಹಾಗಿದ್ದರೂ ನಮ್ಮಲ್ಲಿ ಬಹುಮಂದಿಯ ನಂಬಿಕೆ ಇದಕ್ಕೆ ತೀರ ವಿರುದ್ಧವಾಗಿದೆ. ಗರಿ ಮುರಿಯುತ್ತದೆ, ಕಾಗದ ಹರಿಯುತ್ತದೆ, ಪ್ಲಾಸ್ಟಿಕ್ ಮಾತ್ರ ಸಾಯುವುದಿಲ್ಲ ಎಂದು ನಾವು ತಿಳಿದಿದ್ದೇವೆ. ಆ ನಂಬಿಕೆಯಿಂದಲೇ ಉಳಿಯಬೇಕಾದುದನ್ನೆಲ್ಲ ಪ್ಲಾಸ್ಟಿಕ್ಕಿನ ವಶಕ್ಕೆ ಒಪ್ಪಿಸುತ್ತ ಬಂದಿದ್ದೇವೆ.

ಈ ನಂಬಿಕೆಯಿಂದ ನಾನು ಕಳೆದುಕೊಂಡುದನ್ನು ಹೇಳಿದರೆ ವಿಷಯ ಸ್ಪಷ್ಟವಾದೀತು. ನಮ್ಮ ತಂದೆಯವರು ತತ್ವಪದಗಳನ್ನು ಏಕತಾರಿಯೊಡನೆ ಹಾಡುತ್ತಿದ್ದರು. ವಿದ್ವಾಂಸರಲ್ಲ, ಒಕ್ಕಲುತನದವರು. 1984ರ ಶ್ರಾವಣದಲ್ಲಿ ನೆರೆಯವರೊಬ್ಬರ ಟೇಪ್ ರೆಕಾರ್ಡರಿನಲ್ಲಿ ಅವರ ಹಾಡುಗಳನ್ನು ಒಂದು ಕ್ಯಾಸೆಟ್ಟಿಗೆ ತುಂಬಿಸಿಕೊಂಡೆವು. ಅವರು ಲಿಂಗೈಕ್ಯರಾದ ಮೇಲೆ ಆ ಕ್ಯಾಸೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತಗಡಿನ ಮಾಳಿಗೆಯ ಕೋಣೆಯ ಟ್ರಂಕಿನಲ್ಲಿ ಭದ್ರವಾಗಿಟ್ಟೆವು. ಭದ್ರವೆಂದರೆ ಯಾರೂ ಮುಟ್ಟದಂತೆ ಇಡುವುದೆಂದು ನಾನು ತಿಳಿದಿದ್ದೆ. ಬಹಳ ವರ್ಷಗಳ ತರುವಾಯ ಮೊಮ್ಮಕ್ಕಳಿಗೆ ಕೇಳಿಸಬೇಕೆಂದು ತೆಗೆದಾಗ ಪಟ್ಟಿ ಒಂದಕ್ಕೊಂದು ಅಂಟಿಕೊಂಡಿತ್ತು. ಯಂತ್ರಕ್ಕೆ ಹಾಕಿದೊಡನೆ ಕಿರುಗುಟ್ಟಿ ನಿಂತಿತು. ಯಂತ್ರದ ತಲೆಯ ಮೇಲೆ ಕಂದು ಪುಡಿ ಉಳಿಯಿತು. ರಸಾಯನಶಾಸ್ತ್ರವನ್ನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ, ಆ ಕಂದು ಪುಡಿಯೇ ನಮ್ಮ ತಂದೆಯವರ ದನಿಯಾಗಿತ್ತೆಂಬುದು ಹೊಳೆಯಲು ಒಂದು ಗಳಿಗೆ ಹಿಡಿಯಿತು. ತಪ್ಪು ಯಾರದೂ ಅಲ್ಲ, ನನ್ನದೇ. ಪಟ್ಟಿಯಲ್ಲಿ ಏನಿದೆಯೆಂದು ನಾನು ವಿಚಾರಿಸಿರಲಿಲ್ಲ.

ವಿಚಾರಿಸಿದಾಗ ತಿಳಿದ ಸಂಗತಿ ಇಷ್ಟು. ಕ್ಯಾಸೆಟ್ಟಿನ ಪಟ್ಟಿಯ ಮೈ ಪಾಲಿಯೆಸ್ಟರಿನದು. ಅದು ಬಹುಕಾಲ ಬಾಳತಕ್ಕದ್ದು. ಅದರ ಮೇಲೆ ಧ್ವನಿಯನ್ನು ಹಿಡಿದಿಡುವ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಒಂದು ಬಗೆಯ ಅಂಟಿನಿಂದ ಕೂಡಿಸಿರುತ್ತಾರೆ. ಈ ಅಂಟು ಬಹುಮಟ್ಟಿಗೆ ಪಾಲಿಯುರೆಥೇನ್ ಜಾತಿಯದು. ಅದು ಗಾಳಿಯ ತೇವವನ್ನು ಹೀರಿಕೊಂಡು ವರ್ಷಗಳು ಕಳೆದಂತೆ ಒಡೆಯುತ್ತದೆ, ಜಿಗುಟಾಗುತ್ತದೆ. ಮೈ ಗಟ್ಟಿಯಾಗಿದ್ದರೂ ಅಂಟು ಸತ್ತಿತು, ಅಂಟಿನೊಡನೆ ದನಿಯೂ ಹೋಯಿತು. ಇಂತಹ ಪಟ್ಟಿಗಳನ್ನು ತಜ್ಞರು ಹದವಾದ ಶಾಖದಲ್ಲಿ ಕೆಲವು ಗಂಟೆ ಒಣಗಿಸಿ, ತಾತ್ಕಾಲಿಕವಾಗಿ ಚೇತರಿಸಿ, ಒಂದು ಸಲ ನುಡಿಸಿ ಪ್ರತಿ ಮಾಡಿಕೊಳ್ಳುವುದುಂಟು. ಆ ಉಪಾಯ ನನಗೆ ತಿಳಿಯುವ ಹೊತ್ತಿಗೆ ಪಟ್ಟಿಯನ್ನು ನಾನೇ ಎಳೆದು ಹರಿದಿದ್ದೆ.

ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ, ಒಂದು ದೊಡ್ಡ ಕುಲದ ಹೆಸರು. ಚಿಕ್ಕ ಚಿಕ್ಕ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಸರಪಳಿಯಂತೆ ಕೂಡಿಕೊಂಡು ಅದಾಗುತ್ತದೆ. ಸರಪಳಿ ಉದ್ದವಾಗಿರುವತನಕ ವಸ್ತುವಿಗೆ ಬಲವಿರುತ್ತದೆ. ಬಿಸಿಲಿನ ಅತಿನೇರಿಳೆ ಕಿರಣ, ಶಾಖ, ಗಾಳಿಯ ಆಮ್ಲಜನಕ, ತೇವ ಈ ನಾಲ್ಕು ಶತ್ರುಗಳು ಸರಪಳಿಯನ್ನು ಅಲ್ಲಲ್ಲಿ ಕಡಿಯುತ್ತವೆ. ತುಂಡು ಸರಪಳಿಯ ವಸ್ತು ಬಾಗಲಾರದೆ ಬಿರುಕು ಬಿಡುತ್ತದೆ, ಹಳದಿಯಾಗುತ್ತದೆ, ಪುಡಿಯಾಗುತ್ತದೆ. ಇದಲ್ಲದೆ ಒಳಗಿನ ಶತ್ರುವೂ ಒಂದುಂಟು. ಪಿವಿಸಿ ಎಂಬ ಪ್ಲಾಸ್ಟಿಕ್ ಹುಟ್ಟಿನಿಂದ ಬಿರುಸು. ಅದನ್ನು ಮೆದುಗೊಳಿಸಲು ಎಣ್ಣೆಯಂತಹ ದ್ರವವನ್ನು ಬೆರೆಸುತ್ತಾರೆ. ಕಾಲಕ್ರಮದಲ್ಲಿ ಈ ಎಣ್ಣೆ ಮೆಲ್ಲನೆ ಹೊರಬರುತ್ತದೆ. ಹಳೆಯ ಫೋಟೋ ಆಲ್ಬಮ್ಮಿನ ಪಾರದರ್ಶಕ ಹಾಳೆ ಕೈಗೆ ಜಿಗುಟಾಗಿ, ಚಿತ್ರವನ್ನು ಕಚ್ಚಿಕೊಂಡು ಬಿಡಲೊಲ್ಲೆನೆನ್ನುವುದನ್ನು ಎಲ್ಲರೂ ಕಂಡಿದ್ದೇವೆ. ಅದು ದೂಳಿನ ದೋಷವಲ್ಲ, ಆ ಹಾಳೆಯ ಮುಪ್ಪು.

ಇಲ್ಲಿ ಓದುಗರಿಗೆ ಒಂದು ಸಂಶಯ ಬರುವುದು ಸಹಜ. ಪ್ಲಾಸ್ಟಿಕ್ ನೂರಾರು ವರ್ಷ ಮಣ್ಣಿನಲ್ಲಿ ಕರಗುವುದಿಲ್ಲವೆಂದು ಹೇಳಿಯೇ ಅಲ್ಲವೆ ನಮ್ಮ ರಾಜ್ಯ ಸರ್ಕಾರ 2016ರಲ್ಲಿ ಚೀಲ, ಲೋಟಗಳನ್ನು ನಿಷೇಧಿಸಿದ್ದು? ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ತಡೆದದ್ದು? ಹಾಗಿರುವಾಗ ಪ್ಲಾಸ್ಟಿಕ್ ಬೇಗ ಮುಪ್ಪಾಗುತ್ತದೆಂಬ ಮಾತು ಹೇಗೆ ಹೊಂದೀತು? ಎರಡೂ ನಿಜ. ಕೆಡುವುದು ಬೇರೆ, ಇಲ್ಲವಾಗುವುದು ಬೇರೆ. ಒಡೆದ ಕೊಡ ಕೊಡವಾಗಿ ಉಳಿಯುವುದಿಲ್ಲ, ಆದರೆ ಅದರ ಬೋಕಿ ನೂರು ವರ್ಷ ಮಣ್ಣಿನಲ್ಲಿ ಬಿದ್ದಿರುತ್ತದೆ. ಪ್ಲಾಸ್ಟಿಕ್ ಸಹ ಹಾಗೆಯೇ. ವಸ್ತುವಾಗಿ ಅದು ಅಲ್ಪಾಯುಷಿ, ಕಸವಾಗಿ ದೀರ್ಘಾಯುಷಿ. ಉಳಿಯಲೆಂದು ಬಯಸಿದ್ದು ಉಳಿಯುವುದಿಲ್ಲ, ತೊಲಗಲೆಂದು ಎಸೆದದ್ದು ತೊಲಗುವುದಿಲ್ಲ. ಈ ಎರಡು ಸತ್ಯಗಳಲ್ಲಿ ಎರಡನೆಯದನ್ನು ಮಾತ್ರ ನಾವು ಶಾಲೆಯ ಗೋಡೆಗಳ ಮೇಲೆ ಬರೆಸಿದ್ದೇವೆ. ಮೊದಲನೆಯದನ್ನು ಮರೆತಿದ್ದೇವೆ.

ಮರೆತದ್ದರಿಂದ ಆದ ನಷ್ಟ ಸಣ್ಣದಲ್ಲ. ಪ್ಲಾಸ್ಟಿಕ್ಕಿನ ಕುಲದಲ್ಲಿ ಹಿರಿಯದಾದ ಸೆಲ್ಯುಲಾಯ್ಡ್ ಹುಟ್ಟಿದ್ದು ನಮ್ಮ ರಾಯಚೂರು ಸೀಮೆಗೆ ಬಲು ಪರಿಚಿತವಾದ ಹತ್ತಿಯಂತಹ ನಾರಿನಿಂದಲೇ. ಹತ್ತಿಯ ನಾರು ಬಹುಮಟ್ಟಿಗೆ ಶುದ್ಧ ಸೆಲ್ಯುಲೋಸ್. ಅದನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದರೆ ಸೆಲ್ಯುಲೋಸ್ ನೈಟ್ರೇಟ್ ಆಗುತ್ತದೆ. ಇಂಗ್ಲೆಂಡಿನ ಅಲೆಗ್ಸಾಂಡರ್ ಪಾರ್ಕ್ಸ್ 1862ರ ಲಂಡನ್ ಪ್ರದರ್ಶನದಲ್ಲಿ ಇದರ ವಸ್ತುಗಳನ್ನಿಟ್ಟನು. ಅಮೆರಿಕದ ಜಾನ್ ವೆಸ್ಲಿ ಹಯಾಟ್ 1870ರ ಸುಮಾರಿಗೆ ಅದಕ್ಕೆ ಕರ್ಪೂರವನ್ನು ಬೆರೆಸಿ ಸೆಲ್ಯುಲಾಯ್ಡ್ ಮಾಡಿದನು. ಮುಂದೆ ಚಲನಚಿತ್ರದ ಸುರುಳಿಗಳು ಇದೇ ವಸ್ತುವಿನಲ್ಲಿ ಬಂದವು. ಅದು ತಾನಾಗಿಯೇ ವಿಘಟಿಸಿ ಆಮ್ಲವನ್ನು ಬಿಡುತ್ತದೆ, ಬೇಗ ಬೆಂಕಿ ಹೊತ್ತುತ್ತದೆ. 1934ರ ಮಾರ್ಚ್ 3ರಂದು ತೆರೆಕಂಡ, ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನದ ಒಂದು ಪ್ರತಿಯೂ ಇಂದು ದೊರೆಯುವುದಿಲ್ಲ. ಪುಣೆಯಲ್ಲಿ 2003ರ ಜನವರಿಯಲ್ಲಿ ನೈಟ್ರೇಟ್ ಸುರುಳಿಗಳ ಉಗ್ರಾಣಕ್ಕೆ ಬೆಂಕಿ ಬಿದ್ದು ಭಾರತೀಯ ಚಲನಚಿತ್ರದ ಮೊದಲ ಕಾಲದ ಅಮೂಲ್ಯ ಪ್ರತಿಗಳು ನಾಶವಾದವು. ತಾಡಪತ್ರದಲ್ಲಿದ್ದ ವಚನಗಳನ್ನು ಅರಸಿ ಫ. ಗು. ಹಳಕಟ್ಟಿಯವರು ಮನೆಮನೆ, ಮಠಮಠ ಸುತ್ತಿದರು. 1923ರಲ್ಲಿ ವಚನಶಾಸ್ತ್ರಸಾರ ಹೊರಬಂದಿತು. ಶತಮಾನಗಳ ಹಿಂದಿನ ಮಾತು ಅವರ ಕೈಗೆ ದೊರೆಯಿತು. ಅವರದೇ ಕಾಲದ ಚಲನಚಿತ್ರ ನಮ್ಮ ಕೈಗೆ ದೊರೆಯಲಿಲ್ಲ. ಇದು ಯೋಚಿಸತಕ್ಕ ವಿಷಯ.

ನೈಟ್ರೇಟಿನ ಬೆಂಕಿಗೆ ಹೆದರಿ ಲೋಕವು ಸೆಲ್ಯುಲೋಸ್ ಅಸಿಟೇಟಿನ ಕಡೆಗೆ ಹೊರಳಿತು. ಅದಕ್ಕೆ ಸುರಕ್ಷಾ ಫಿಲ್ಮ್ ಎಂದು ಹೆಸರು ಕೊಟ್ಟರು. 1948ರಲ್ಲಿ ಸೆಲ್ಯುಲೋಸ್ ಟ್ರೈಅಸಿಟೇಟ್ ಫಿಲ್ಮ್ ಬಳಕೆಗೆ ಬಂದು ಒಂದು ದಶಕ ತುಂಬುವುದರೊಳಗೆ ಅದು ಕೆಡುತ್ತಿದೆಯೆಂಬ ಮೊದಲ ದೂರು ತಯಾರಕರಿಗೆ ಮುಟ್ಟಿತು. ಆ ದೂರು ಹೋದದ್ದು ಭಾರತ ಸರ್ಕಾರದಿಂದ ಎಂಬುದು ಗಮನಿಸತಕ್ಕ ಸಂಗತಿ. ತಂಪು ದೇಶದ ಪೆಟ್ಟಿಗೆಯಲ್ಲಿ ನಿಧಾನವಾಗಿ ಬರುವ ಮುಪ್ಪು ನಮ್ಮ ಸೆಕೆಯಲ್ಲಿ ಬೇಗನೆ ಬಂದಿತ್ತು. ಕೆಟ್ಟ ಅಸಿಟೇಟ್ ಫಿಲ್ಮಿನ ಡಬ್ಬಿಯ ಮುಚ್ಚಳ ತೆಗೆದರೆ ವಿನೆಗರಿನ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಅದು ಅಸಿಟಿಕ್ ಆಮ್ಲ. ಹೊರಬಿದ್ದ ಆಮ್ಲವೇ ಮುಂದಿನ ವಿಘಟನೆಗೆ ಕ್ರಿಯಾವರ್ಧಕವಾಗುತ್ತದೆ. ಒಂದು ಚಮಚ ಹೆಪ್ಪು ಗಡಿಗೆಯ ಹಾಲನ್ನೆಲ್ಲ ಮೊಸರು ಮಾಡುವಂತೆ, ಒಂದು ಕೆಟ್ಟ ಸುರುಳಿಯ ಹುಳಿ ಪಕ್ಕದ ಸುರುಳಿಗಳನ್ನೂ ಕೆಡಿಸಬಲ್ಲದು. ಹೊಸ ಅಸಿಟೇಟ್ ಫಿಲ್ಮನ್ನು 21 ಡಿಗ್ರಿ ಉಷ್ಣತೆ, ಶೇಕಡಾ 50 ಆರ್ದ್ರತೆಯಲ್ಲಿ ಇಟ್ಟರೆ ಈ ವ್ಯಾಧಿ ತಲೆದೋರಲು ಸುಮಾರು 40 ವರ್ಷ ಬೇಕೆಂದು ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ತಗಡಿನ ಕೆಳಗಿನ ಬೀರುವಿಗೆ ಅಷ್ಟು ಅವಧಿ ದೊರೆಯದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಒಣಹವೆ ಒಂದು ವರ. ನಮ್ಮ ಬಿಸಿಲು ಆ ವರವನ್ನು ನುಂಗುವ ಶಾಪ.

ಇನ್ನೊಂದು ಉದಾಹರಣೆಯನ್ನು ಹೇಳದೆ ಮುಂದೆ ಹೋಗಲಾರೆ. ಜೀರ್ಣವಾದ ಕಾಗದಪತ್ರಗಳನ್ನು ಅಸಿಟೇಟಿನ ತೆಳುಹಾಳೆಗಳ ನಡುವೆ ಕೂಡಿಸಿ ಬಲಪಡಿಸುವ ಪದ್ಧತಿ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಎಲ್ಲೆಡೆ ಹಬ್ಬಿತು. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿ ಯಂತ್ರವಿಲ್ಲದೆ ಅಸಿಟೋನ್ ದ್ರಾವಣದಿಂದ ಕೈಯಲ್ಲೇ ಮಾಡುವ ವಿಧಾನವನ್ನು ರೂಪಿಸಿದರು. ಬಡ ದೇಶಕ್ಕೆ ತಕ್ಕ ಜಾಣ್ಮೆಯ ಉಪಾಯವೆಂದು ಅದು ಹೊರದೇಶಗಳಲ್ಲಿಯೂ ಹೆಸರಾಯಿತು. ಆ ಕಾಲಕ್ಕೆ ಅದು ಸದುದ್ದೇಶದ ಕೆಲಸ. ಅದರಿಂದ ಉಳಿದ ಕಾಗದಗಳು ಅನೇಕ. ಆದರೆ ಹೊದಿಸಿದ ಅಸಿಟೇಟಿಗೂ ಮುಪ್ಪು ಉಂಟೆಂದು ಮುಂದೆ ತಿಳಿದಾಗ, ಅಂಟಿಸಿದ್ದನ್ನು ಬಿಡಿಸುವುದೇ ಲೋಕದ ಕೆಲವು ಅಭಿಲೇಖಾಲಯಗಳಿಗೆ ಹೊಸ ಕಾಯಕವಾಯಿತು. ಕಾಪಾಡಲು ಬಂದ ಕೈಯೇ ಕಾಪಾಡಬೇಕಾದ ವಸ್ತುವಿಗೆ ಭಾರವಾಯಿತು. ಹೀಗಿರುವಾಗ ಪೇಟೆಯ ಅಂಗಡಿಯಲ್ಲಿ ಮೂಲ ಪ್ರಮಾಣಪತ್ರಕ್ಕೆ ಬಿಸಿ ಲ್ಯಾಮಿನೇಷನ್ ಮಾಡಿಸಿ, ಇನ್ನು ನಿಶ್ಚಿಂತೆ ಎಂದುಕೊಳ್ಳುವ ತಾಯಿತಂದೆಯರಿಗೆ ನಾವು ಏನು ಹೇಳುತ್ತೇವೆ? ಹಾಗೆ ಕಾಯಿಸಿ ಅಂಟಿಸಿದ್ದನ್ನು ಕಾಗದಕ್ಕೆ ನೋವಾಗದಂತೆ ಬಿಡಿಸುವುದು ಬಹು ಕಷ್ಟ.

ಇದುವರೆಗೆ ಹೇಳಿದ್ದು ಪರಂಪರೆಯ ಮಾತಾಯಿತು. ಉದ್ಯಮಕ್ಕೂ ಒಕ್ಕಲುತನಕ್ಕೂ ಇದರ ಸಂಬಂಧ ಇದಕ್ಕಿಂತ ಹತ್ತಿರದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು, ಮಸ್ಕಿ ಭಾಗದ ಹೊಲಗಳು ಗದ್ದೆಗಳಾದವು. ಗದ್ದೆಗಳೊಡನೆ ಪೈಪು, ತಾಡಪತ್ರಿ, ಚೀಲ, ಔಷಧದ ಡಬ್ಬಿಗಳೂ ಬಂದವು. ನೀರಿನ ಪೈಪು ಕಪ್ಪಗಿರುವುದೇಕೆಂದು ನಾನು ತರಗತಿಯಲ್ಲಿ ಕೇಳುತ್ತಿದ್ದೆ. ಅಗ್ಗದ ಬಣ್ಣವಾದ್ದರಿಂದ ಎಂದು ಹುಡುಗರು ಉತ್ತರಿಸುತ್ತಿದ್ದರು. ಅದು ಬಣ್ಣವಲ್ಲ, ರಕ್ಷಾಕವಚ. ಪಾಲಿಥೀನ್ ಪೈಪಿನಲ್ಲಿ ಶೇಕಡಾ 2.5ರ ಆಸುಪಾಸಿನಲ್ಲಿ ಕಾಡಿಗೆಯಂತಹ ಇಂಗಾಲದ ಪುಡಿ ಇರಬೇಕೆಂದು ನಮ್ಮ ದೇಶದ ಮಾನಕ ವಿಧಿಸುತ್ತದೆ. ಆ ಕಾಡಿಗೆ ಅತಿನೇರಿಳೆ ಕಿರಣವನ್ನು ತಾನೇ ನುಂಗಿ ಸರಪಳಿಯನ್ನು ಉಳಿಸುತ್ತದೆ. ಅದನ್ನು ಸಮನಾಗಿ ಬೆರೆಸದ ಪೈಪು ಕಣ್ಣಿಗೆ ಅಷ್ಟೇ ಕಪ್ಪು, ಆದರೆ ಬಿಸಿಲಿಗೆ ಬೇಗ ಸೀಳುತ್ತದೆ. ಸಾಲ ಮಾಡಿ ಪೈಪು ಹಾಕಿಸಿದ ರೈತನಿಗೆ ಅದರ ಆಯುಷ್ಯ ಸಾಲದ ಕಂತಿಗಿಂತ ಮೊದಲೇ ಮುಗಿದರೆ ಆಗುವ ಸಂಕಟ ಯಾವ ವಸ್ತುಸಂಗ್ರಹಾಲಯದ ನಷ್ಟಕ್ಕೂ ಕಡಿಮೆಯದಲ್ಲ. ಗಣಿಯಾಳದ ವಿದ್ಯುತ್ ತಂತಿಯ ಹೊದಿಕೆ ಬಿರುಕು ಬಿಟ್ಟರೆ ಪ್ರಾಣಕ್ಕೇ ಅಪಾಯ. ಹಟ್ಟಿಯ ಚಿನ್ನದ ಗಣಿ ನಮ್ಮ ನೆರೆಯಲ್ಲಿಯೇ ಇದೆ. ಗಣಿಯ ತಂತಿ, ಗದ್ದೆಯ ಪೈಪು, ನಮ್ಮ ತಂದೆಯವರ ಕ್ಯಾಸೆಟ್ಟು ಇವೆಲ್ಲವನ್ನೂ ಕೆಡಿಸುವ ರಸಾಯನಶಾಸ್ತ್ರ ಒಂದೇ.

ಈ ಮುಪ್ಪಿನ ಅಧ್ಯಯನವೇ ಇಂದು ಲೋಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಡಾಕ್ಟರೇಟ್ ಪದವಿಯ ಸಂಶೋಧನೆಗೆ ವಿಷಯವಾಗಿದೆ. ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಇವಾನ್ ಶಶೂವಾ ಎಂಬ ವಿದುಷಿ 2008ರಲ್ಲಿ ಪ್ಲಾಸ್ಟಿಕ್ಕುಗಳ ಸಂರಕ್ಷಣೆಯನ್ನು ಕುರಿತ ಗ್ರಂಥವನ್ನೇ ಬರೆದರು. ಬಹು ಬೇಗ ಕೆಡುವವೆಂದು ತಜ್ಞರು ಹೆಸರಿಸುವವು ನಾಲ್ಕು: ಸೆಲ್ಯುಲೋಸ್ ನೈಟ್ರೇಟ್, ಸೆಲ್ಯುಲೋಸ್ ಅಸಿಟೇಟ್, ಪಿವಿಸಿ, ಪಾಲಿಯುರೆಥೇನ್. 1969ರಲ್ಲಿ ಚಂದ್ರನ ಮೇಲೆ ನಡೆದ ನೀಲ್ ಆರ್ಮ್‌ಸ್ಟ್ರಾಂಗನ ಉಡುಪು ಸಹ ಈ ಮುಪ್ಪಿನಿಂದ ತಪ್ಪಿಸಿಕೊಳ್ಳಲಿಲ್ಲ. ಅದರ ರಬ್ಬರಿನ ಪದರ ಬಿರುಸಾಯಿತು, ಪಿವಿಸಿ ನಾಳಗಳಿಂದ ಎಣ್ಣೆ ಒಸರಿತು. 2015ರಲ್ಲಿ ವಾಷಿಂಗ್ಟನ್ನಿನ ಸಂಗ್ರಹಾಲಯ ಜನರ ಮುಂದೆ ಜೋಳಿಗೆ ಹಿಡಿಯಿತು. ಸಾವಿರಾರು ಸಾಮಾನ್ಯ ಜನ 7 ಲಕ್ಷ ಡಾಲರಿಗೂ ಮೇಲ್ಪಟ್ಟು ಕೊಟ್ಟರು. ಉಡುಪು 2019ರ ಜುಲೈಯಲ್ಲಿ ಮತ್ತೆ ದರ್ಶನಕ್ಕೆ ಬಂದಿತು. ಜೋಳಿಗೆಯ ಸಂಸ್ಕೃತಿ ನಮಗೆ ಹೊಸದಲ್ಲ. ಯಾವುದಕ್ಕಾಗಿ ಜೋಳಿಗೆ ಹಿಡಿಯಬೇಕೆಂಬ ವಿಚಾರ ಮಾತ್ರ ಹೊಸದು.

ಸಂಶೋಧಕರು ಕೆಲಸ ಮಾಡುವ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಐವತ್ತು ವರ್ಷದ ಮುಪ್ಪನ್ನು ನೋಡಲು ಐವತ್ತು ವರ್ಷ ಕಾಯಲಾಗದು. ಆದಕಾರಣ ಹೊಸ ತುಂಡನ್ನು ಬಿಸಿಪೆಟ್ಟಿಗೆಯಲ್ಲಿಯೂ ಪ್ರಖರ ದೀಪದ ಕೆಳಗೂ ಇಟ್ಟು ಕೃತಕವಾಗಿ ಮುಪ್ಪು ಬರಿಸುತ್ತಾರೆ. ಅವಕೆಂಪು ಕಿರಣಗಳಿಂದ ಪರೀಕ್ಷಿಸಿ ಸರಪಳಿ ಎಲ್ಲಿ ಕಡಿದಿದೆಯೆಂದು ಕಾಣುತ್ತಾರೆ. ವಸ್ತು ಬಿಡುವ ವಾಸನೆಯನ್ನು ಹಿಡಿದು ರೋಗವನ್ನು ಗುರುತಿಸುತ್ತಾರೆ. ಬಳಿಕ ಉಷ್ಣತೆಗೂ ಕ್ರಿಯಾವೇಗಕ್ಕೂ ಇರುವ ಅರೇನಿಯಸ್ ಸಮೀಕರಣದ ಮೂಲಕ ಸಹಜ ಆಯುಷ್ಯವನ್ನು ಗಣಿಸುತ್ತಾರೆ. ಆದರೆ ಈ ವಿಧಾನಕ್ಕೆ ಒಂದು ಕೊರತೆಯುಂಟು. ಅಡುಗೆಯನ್ನು ಬೇಗ ಮುಗಿಸಬೇಕೆಂದು ಉರಿಯನ್ನು ಹೆಚ್ಚಿಸಿದರೆ ಅನ್ನ ಬೇಯುವ ಬದಲು ತಳ ಸೀಯುವಂತೆ, ಅತಿ ಶಾಖದಲ್ಲಿ ನಡೆಯುವ ಕ್ರಿಯೆ ಸಹಜ ಮುಪ್ಪಿನ ಕ್ರಿಯೆಗಿಂತ ಬೇರೆಯಾಗಬಹುದು. ಗಣನೆ ಸರಿಯೋ ತಪ್ಪೋ ಎಂದು ಒರೆಹಚ್ಚಲು, ಯಾವಾಗ ಕೊಂಡದ್ದು, ಎಲ್ಲಿದ್ದದ್ದು, ಎಷ್ಟು ಬಿಸಿಲು ಕಂಡದ್ದು ಎಂಬ ವಿವರವುಳ್ಳ, ಸಹಜವಾಗಿ ಮುಪ್ಪಾದ ವಸ್ತುಗಳು ಬೇಕು. ಅಂತಹ ವಸ್ತುಗಳು ಪ್ರಯೋಗಾಲಯದಲ್ಲಿ ಸಿಗುವುದಿಲ್ಲ. ಅವು ಇರುವುದು ನಮ್ಮ ಹಿತ್ತಿಲುಗಳಲ್ಲಿ.

ನನ್ನ ಅಭಿಪ್ರಾಯದ ತಿರುಳು ಇಲ್ಲಿದೆ. ಸೀಳಿದ ಪೈಪು, ಜರಡಿಯಾದ ತಾಡಪತ್ರಿ, ಪುಡಿಯಾದ ಕುರ್ಚಿ ನಮಗೆ ಕಸ. ವಿದ್ಯೆಗೆ ಅವು ಸಾಕ್ಷ್ಯ. ಆದರೆ ತಾರೀಖಿಲ್ಲದ ಸಾಕ್ಷ್ಯಕ್ಕೆ ಬೆಲೆಯಿಲ್ಲ. ನಮ್ಮ ಶಾಲೆಯ ವಿಜ್ಞಾನ ವಿಭಾಗವು ಒಂದು ದಪ್ಪ ದಾಖಲೆ ಪುಸ್ತಕವನ್ನು ಇಡಲಿ. ಪ್ರತಿ ವರ್ಷ ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ಮನೆಯ ಹತ್ತು ಪ್ಲಾಸ್ಟಿಕ್ ವಸ್ತುಗಳನ್ನು ಕೊಂಡ ತಾರೀಖು, ಇಟ್ಟ ಸ್ಥಳ, ಬಿಸಿಲಿನ ಪ್ರಮಾಣ, ಮೊದಲ ಬಿರುಕು ಕಂಡ ದಿನ ಇವುಗಳೊಡನೆ ಅದರಲ್ಲಿ ಬರೆಯಲಿ. ಕೆಟ್ಟ ವಸ್ತುವಿನಿಂದ ಒಂದು ತುಂಡನ್ನು ಚೀಟಿ ಕಟ್ಟಿ ಇರಿಸಲಿ. ಹತ್ತು ವರ್ಷ ಈ ಕೆಲಸ ಬಿಡದೆ ನಡೆದರೆ, ಬಿಸಿಲುನಾಡಿನಲ್ಲಿ ಪ್ಲಾಸ್ಟಿಕ್ ಹೇಗೆ ಮುಪ್ಪಾಗುತ್ತದೆಂದು ಹೇಳಬಲ್ಲ ದಾಖಲೆ ಸಂತೆಕಲ್ಲೂರಿನ ಒಂದು ಬೀರುವಿನಲ್ಲಿರುತ್ತದೆ. ಕೃಷಿ ಜ್ಞಾನ ಪ್ರದೀಪಿಕೆಯನ್ನು ಬರೆದ ಘನಮಠದ ನಾಗಭೂಷಣ ಶಿವಯೋಗಿಗಳ ಹೆಸರನ್ನು ಹೊತ್ತ ನೆಲವಿದು. ಹೊಲವನ್ನು ನೋಡಿ ಬರೆದಿಡುವುದು ಇಲ್ಲಿಯವರಿಗೆ ಹೊರಗಿನಿಂದ ಕಲಿಯಬೇಕಾದ ವಿದ್ಯೆಯಲ್ಲ.

ಕೆಲವರು ಎರಡು ಆಕ್ಷೇಪಣೆಗಳನ್ನು ಎತ್ತಬಹುದು. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿಬಿಟ್ಟರೆ ಹಳೆಯ ವಸ್ತುವಿನ ಗೊಡವೆ ಏಕೆ ಎಂಬುದು ಮೊದಲನೆಯದು. ಏರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಧ್ವನಿಪಟ್ಟಿಗಳ ಮಟ್ಟಿಗೆ ಅದೇ ಮುಖ್ಯ ಉಪಾಯ, ಅದಕ್ಕೆ ತಡ ಸಲ್ಲದು. ಆದರೆ ಏರಿಸಿದ್ದನ್ನು ಇಡುವ ಸಿಡಿ ತಟ್ಟೆಯೂ ಪ್ಲಾಸ್ಟಿಕ್ಕಿನದೇ. ಅದಕ್ಕೂ ಮುಪ್ಪುಂಟು, ಅದನ್ನು ಓದುವ ಯಂತ್ರವೂ ಪೇಟೆಯಿಂದ ಮರೆಯಾಗುತ್ತದೆ. ಕೆಲವು ವರ್ಷಗಳಿಗೊಮ್ಮೆ ಮರುಪ್ರತಿ ಮಾಡುವ ನೇಮವಿಲ್ಲದಿದ್ದರೆ ಕಂಪ್ಯೂಟರೂ ತಗಡಿನ ಕೋಣೆಯ ಟ್ರಂಕೇ. ತಾಡಪತ್ರ ಶತಮಾನಗಳನ್ನು ಕಂಡಿತೆಂದು ಮೇಲೆ ಹೇಳಿದೆ. ಅದು ಗರಿಯ ಗುಣವೊಂದರಿಂದಲೇ ಆದುದಲ್ಲ. ಹಿರಿಯರು ಗರಿಗೆ ಎಣ್ಣೆ ಸವರಿದರು, ಹಲಗೆಗಳ ನಡುವೆ ಕಟ್ಟಿದರು, ಅರಿವೆಯಲ್ಲಿ ಸುತ್ತಿದರು, ಜೀರ್ಣವಾಗುವ ಮೊದಲೇ ಹೊಸ ಗರಿಗೆ ಪ್ರತಿ ಮಾಡಿದರು. ಪ್ರತಿ ಮಾಡದ ಕಟ್ಟುಗಳನ್ನು ಗೆದ್ದಲು ತಿಂದದ್ದೂ ಉಂಟು. ಬಾಳಿದ್ದು ವಸ್ತುವಲ್ಲ, ಆರೈಕೆ. ಪ್ಲಾಸ್ಟಿಕ್ ನಮ್ಮಿಂದ ಕಸಿದುಕೊಂಡದ್ದು ಈ ಆರೈಕೆಯ ಅಭ್ಯಾಸವನ್ನು. ಕೆಡುವುದಿಲ್ಲವೆಂದು ನಂಬಿಸಿ ಅದು ನಮ್ಮನ್ನು ಮೈಮರೆಸಿತು.

ಹಳ್ಳಿಯ ಶಾಲೆಗೆ ಇಷ್ಟು ದೊಡ್ಡ ಮಾತೇಕೆ, ಮೊದಲು ಕೊಠಡಿ, ಶೌಚಾಲಯ, ಬಸ್ಸು ಆಗಲಿ ಎಂಬುದು ಎರಡನೆಯ ಆಕ್ಷೇಪಣೆ. ಅವು ಆಗಲೇಬೇಕು. ನಾನು ಕೇಳುವುದು ಅವುಗಳ ಬದಲಿಗೆ ಅಲ್ಲ. ದಾಖಲೆ ಪುಸ್ತಕಕ್ಕೆ ಬೇಕಾದದ್ದು ಒಬ್ಬ ಅಧ್ಯಾಪಕರ ಶ್ರದ್ಧೆ, ಕೆಲವು ಡಬ್ಬಿಗಳು, ಒಂದು ಬೀರು. ಹೆಚ್ಚಿನ ಓದಿಗೆ ಹೊರಗೆ ಹೋಗಬಯಸುವ ಮಕ್ಕಳಿಗೆ ದಾರಿಯೂ ದೂರವಿಲ್ಲ. ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆಯ ಆಶ್ರಯದಲ್ಲಿ 1963ರಲ್ಲಿ ಆರಂಭವಾದ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಲಿಮರ್ ವಿಜ್ಞಾನಕ್ಕೆಂದೇ ಒಂದು ವಿಭಾಗವಿದೆ. ಅದೇ ಊರಿನಲ್ಲಿ ಸಿಪೆಟ್ ಎಂಬ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆಯ ಕೇಂದ್ರವಿದೆ. 1976ರಲ್ಲಿ ಲಖನೌದಲ್ಲಿ ಸ್ಥಾಪಿತವಾದ ಸಾಂಸ್ಕೃತಿಕ ಸಂಪತ್ತಿನ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆಯೂ ಮೈಸೂರಿನಲ್ಲಿದೆ. ವಸ್ತುವಿನ ವಿಜ್ಞಾನ ಒಂದು ಕಡೆ, ಸಂರಕ್ಷಣೆಯ ಕಲೆ ಇನ್ನೊಂದು ಕಡೆ, ಎರಡೂ ಒಂದೇ ಊರಿನಲ್ಲಿರುವಾಗ ಈ ಎರಡನ್ನೂ ಕೂಡಿಸುವ ಸಂಶೋಧನೆಯನ್ನು ನಮ್ಮ ಮಗುವೊಂದು ಏಕೆ ಮಾಡಬಾರದು? ಮಠದ ಶಾಲೆಯಲ್ಲಿ ಕಲಿತವರು ಪಾಲಿಮರ್ ವಿಜ್ಞಾನ ಓದುವುದರಲ್ಲಿ ಅಸಂಗತವಾದದ್ದು ಏನೂ ಇಲ್ಲ.

ಇನ್ನು ಕೂಡಲೇ ಮಾಡತಕ್ಕ ಕೆಲವು ಕೆಲಸಗಳನ್ನು ಸಹೋದ್ಯೋಗಿಗಳಾದ ಅಧ್ಯಾಪಕ ಬಂಧುಗಳ ಮುಂದಿಡುತ್ತೇನೆ. ಹಳೆಯ ಫೋಟೋಗಳನ್ನೂ ನೆಗೆಟಿವ್‌ಗಳನ್ನೂ ಜಿಗುಟು ಆಲ್ಬಮ್ಮಿನಿಂದ ಬಿಡಿಸಿ ಒಳ್ಳೆಯ ಕಾಗದದ ಲಕೋಟೆಗಳಲ್ಲಿ ಇಡಬೇಕು. ಕಚ್ಚಿಕೊಂಡಿದ್ದರೆ ಎಳೆಯದೆ, ಇದ್ದಂತೆಯೇ ಮೊದಲು ಛಾಯಾಪ್ರತಿ ತೆಗೆದುಕೊಳ್ಳಬೇಕು. ಹುಳಿ ವಾಸನೆ ಬೀರುವ ಫಿಲ್ಮನ್ನು ಉಳಿದವುಗಳಿಂದ ಬೇರ್ಪಡಿಸಿ ಗಾಳಿಯಾಡುವ ಕಡೆ ಇಡಬೇಕು. ಅದನ್ನು ಬಿಗಿಯಾಗಿ ಮುಚ್ಚಿದರೆ ಅದರ ಆಮ್ಲ ಅದನ್ನೇ ತಿನ್ನುತ್ತದೆ. ಮೆದು ಪಿವಿಸಿಯ ವಸ್ತುವಿಗಾದರೋ ಇದಕ್ಕೆ ವಿರುದ್ಧವಾದ ಉಪಚಾರ. ಅದನ್ನು ಗಾಜಿನ ಡಬ್ಬಿಯಲ್ಲಿ ಮುಚ್ಚಿಟ್ಟರೆ ಎಣ್ಣೆ ಹೊರಬರುವುದು ನಿಧಾನವಾಗುತ್ತದೆ. ಒಬ್ಬನ ಪಥ್ಯ ಇನ್ನೊಬ್ಬನಿಗೆ ವಿಷವಾಗುವುದರಿಂದಲೇ ಯಾವುದು ಯಾವ ಜಾತಿಯದೆಂದು ತಿಳಿಯುವುದು ಅಗತ್ಯ. ಓಲೆಗರಿಯ ಕಟ್ಟುಗಳು ಯಾರ ಮನೆಯಲ್ಲಿದ್ದರೂ ಪ್ಲಾಸ್ಟಿಕ್ ಚೀಲದಿಂದ ತೆಗೆದು ಹತ್ತಿಯ ಅರಿವೆಯಲ್ಲಿ ಸುತ್ತಲಿ. ಚೀಲದೊಳಗೆ ಸಿಕ್ಕಿಬಿದ್ದ ತೇವದಿಂದ ಬೂಷ್ಟು ಹಿಡಿಯುತ್ತದೆ. ಹಳೆಯ ಕಾಗದದ ಕಟ್ಟುಗಳ ರಬ್ಬರ್ ಬ್ಯಾಂಡುಗಳನ್ನು ತೆಗೆದು ನೂಲಿನ ದಾರ ಕಟ್ಟಲಿ. ಹಿಂದಿನ ಪೂಜ್ಯರ, ದಾನಿಗಳ ಭಾವಚಿತ್ರವನ್ನು ಫ್ಲೆಕ್ಸಿನಲ್ಲಿ ದೊಡ್ಡದಾಗಿ ಮುದ್ರಿಸಿದ ಮೇಲೆ ಮೂಲ ಫೋಟೋವನ್ನು ಮೂಲೆಗೆಸೆಯುವ ಪದ್ಧತಿ ನಿಲ್ಲಲಿ. ಫ್ಲೆಕ್ಸು ನಾಲ್ಕು ಬೇಸಿಗೆಯಲ್ಲಿ ಬಿಳಿಚಿಕೊಳ್ಳುತ್ತದೆ, ಮೂಲ ಫೋಟೋ ನೆರಳಿನಲ್ಲಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಇವೆಲ್ಲಕ್ಕೂ ತಗಡಿನ ಕೋಣೆ ಬೇಡ, ಕಲ್ಲಿನ ಕಟ್ಟಡದ ನಡುವಣ ತಂಪಾದ ಒಂದು ಕೋಣೆ ಸಾಕು.

ದಾನಿಗಳಲ್ಲಿಯೂ ಒಂದು ಬಿನ್ನಹವಿದೆ. ಕೊಠಡಿ ಕಟ್ಟಿಸಿದವರ ಹೆಸರು ಬಾಗಿಲ ಮೇಲಿನ ಕಲ್ಲಿನಲ್ಲಿರುತ್ತದೆ. ಕಲ್ಲಿನ ಬಾಳಿಕೆ ಎಂತಹುದೆಂದು ಸಮೀಪದ ಮಸ್ಕಿಯಲ್ಲಿ ಕಂಡಿದ್ದೇವೆ. 1915ರಲ್ಲಿ ಚಿನ್ನದ ನಿಕ್ಷೇಪ ಹು಼ಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದ ಅಲ್ಲಿಯ ಶಾಸನ, ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಎರಡು ಸಾವಿರ ವರ್ಷಗಳ ತರುವಾಯ ಲೋಕಕ್ಕೆ ಸಾರಿತು. ಎಲ್ಲವನ್ನೂ ಕಲ್ಲಿನಲ್ಲಿ ಕೊರೆಯಲಾಗದು. ಹಾಡನ್ನು, ದನಿಯನ್ನು, ನಗೆಯನ್ನು, ಶಾಲೆಯ ಮೊದಲ ತಂಡದ ಮಕ್ಕಳ ಮುಖಗಳನ್ನು ಮೆತ್ತನೆಯ ವಸ್ತುವಿನಲ್ಲಿಯೇ ಇಡಬೇಕಾಗುತ್ತದೆ. ಅವುಗಳ ಆರೈಕೆಗೆಂದು ವರ್ಷಕ್ಕೊಂದು ಸಣ್ಣ ಮೊತ್ತವನ್ನೂ, ಈ ವಿಷಯದಲ್ಲಿ ಸಂಶೋಧನೆಗೆ ತೊಡಗುವ ಒಬ್ಬ ಹಳೆಯ ವಿದ್ಯಾರ್ಥಿಗೆ ಪುಸ್ತಕ, ಪ್ರಯಾಣಗಳ ವೆಚ್ಚವನ್ನೂ ಕೊಡುವ ದಾನಿಗಳು ಮುಂದೆ ಬಂದರೆ ಅದು ಜ್ಞಾನದಾಸೋಹವೇ ಸರಿ. ಅಂತಹವರ ಹೆಸರು ಯಾವ ಬಾಗಿಲ ಮೇಲೂ ಇರಲಿಕ್ಕಿಲ್ಲ. ಆದರೆ ಮುಂದೊಂದು ದಿನ ಮೊಮ್ಮಗುವೊಂದು ಅಜ್ಜನ ದನಿಯನ್ನು ಕೇಳಿದಾಗ ಅದರ ಕಿವಿಯಲ್ಲಿರುತ್ತದೆ.

ನಮ್ಮ ತಂದೆಯವರ ದನಿ ನನಗೆ ಮರಳಿ ದೊರೆಯಲಾರದು. ಊರಿನ ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಇನ್ನೂ ಸಾಯದ ದನಿಗಳು ಇರಬಹುದು. ಈ ಬರಹವನ್ನು ಓದಿದ ಒಬ್ಬರಾದರೂ ಇಂದು ಸಂಜೆ ಆ ಟ್ರಂಕನ್ನು ತೆರೆದು, ಪಟ್ಟಿಯನ್ನು ಎಳೆಯದೆ, ಬಲ್ಲವರ ಬಳಿಗೆ ಒಯ್ದರೆ ನನ್ನ ಶ್ರಮ ಸಾರ್ಥಕವೆಂದು ಭಾವಿಸಿ ಇಲ್ಲಿಗೆ ವಿರಮಿಸುತ್ತೇನೆ.